ಷರ್ಲಾಕ್ ಬಿದ್ದ ಮೇಲೆ ನೋಡಿದವರಿಗೆ ಏನಾಯ್ತು: ಒಂದು ಪ್ರಕರಣ

ಲಂಡನ್ನಿನ ಸೇಂಟ್ ಬಾರ್ಥಲೋಮಿಯೊ ಆಸ್ಪತ್ರೆ, ಅಲ್ಲಿನವರು ಬಾರ್ಟ್ಸ್ ಅಂತಾರೆ, ಅದರ ಹತ್ರ ಒಂದು ಕೆಂಪು ಟೆಲಿಫೋನ್ ಬೂತ್ ಇದೆ. 2012ರಲ್ಲಿ ಅದರ ಗಾಜಿನ ಮೇಲೆ ಚೀಟಿ ಅಂಟಿಸೋದು ಶುರುವಾಯ್ತು. "ನಾನು ಷರ್ಲಾಕ್ ಹೋಮ್ಸ್‌ನ ನಂಬ್ತೀನಿ" ಅಂತ ಒಂದು, "ಮೊರಿಯಾರ್ಟಿ ನಿಜವಾಗ್ಲೂ ಇದ್ದ" ಅಂತ ಇನ್ನೊಂದು (ಮೊರಿಯಾರ್ಟಿ ಅಂದ್ರೆ ಷರ್ಲಾಕ್‌ನ ಬದ್ಧ ವೈರಿ), ಹೀಗೆ ಬರ್ತಾ ಬರ್ತಾ ಒಳಗಡೆ ಗಾಜೇ ಕಾಣದಷ್ಟು. ಇಲ್ಲದೇ ಇರೋ ಮನುಷ್ಯನಿಗೆ, ಅವನು ಸತ್ತ ಜಾಗಕ್ಕೆ ಬಂದು, ಜನ ತಮ್ಮ ಕೈಬರಹದಲ್ಲಿ ಸಾಕ್ಷಿ ಬರೆದಿಟ್ಟು ಹೋಗ್ತಿದ್ರು. ಒಂದು ಟೀವಿ ಎಪಿಸೋಡು ನೋಡಿದವರನ್ನ ಅಲ್ಲಿವರೆಗೆ ಹೇಗೆ ಕರ್ಕೊಂಡು ಹೋಯ್ತು, ಆಮೇಲೆ ಅವರನ್ನ ಎಲ್ಲಿ ಬಿಡ್ತು ಅನ್ನೋದೇ ಈ ಪ್ರಕರಣ. ಸೀರಿಯಲ್ ಇನ್ನೂ ನೋಡಿಲ್ಲ, ನೋಡೋ ಆಸೆ ಇದೆ ಅನ್ನೋರು ಇಲ್ಲೇ ನಿಲ್ಲಿಸಿ, ಯಾಕಂದ್ರೆ ಎಲ್ಲಾ ತಿರುವೂ ಹೇಳಿಬಿಡ್ತೀನಿ.

ಹಿನ್ನೆಲೆ ಸ್ವಲ್ಪ. ಬಿಬಿಸಿಯ 'ಷರ್ಲಾಕ್' ಶುರುವಾಗಿದ್ದು 2010ರ ಜುಲೈ 25ಕ್ಕೆ. ಸ್ಟೀವನ್ ಮೋಫಟ್ ಮತ್ತೆ ಮಾರ್ಕ್ ಗೇಟಿಸ್ ಇಬ್ಬರೂ ಸೇರಿ ಕಾನನ್ ಡಾಯ್ಲ್ ಬರೆದ ಪತ್ತೇದಾರನನ್ನ ಈ ಕಾಲದ ಲಂಡನ್ನಿಗೆ ತಂದ್ರು, ಬೆನೆಡಿಕ್ಟ್ ಕಂಬರ್‌ಬ್ಯಾಚ್ ಷರ್ಲಾಕ್, ಮಾರ್ಟಿನ್ ಫ್ರೀಮನ್ ಅವನ ಗೆಳೆಯ ಡಾಕ್ಟರ್ ಜಾನ್ ವ್ಯಾಟ್ಸನ್. ಒಂದೊಂದು ಎಪಿಸೋಡು ಒಂದೂವರೆ ಗಂಟೆ, ಒಂದು ಸೀಸನ್‌ಗೆ ಮೂರೇ ಮೂರು. ಈ ಮೂರೇ ಮೂರು ಅನ್ನೋದು ಮುಖ್ಯ. ನಮ್ಮ ದಿನಾ ಬರೋ ಧಾರಾವಾಹಿಲಿ ಇವತ್ತಿನ ಟ್ವಿಸ್ಟ್ ನಾಳೆ ಸಂಜೆ ಏಳೂವರೆಗೆ ಹಳೇದಾಗುತ್ತೆ, ಇಲ್ಲಿ ಹಾಗಲ್ಲ, ಮೂರು ನೋಡಿದ್ರೆ ಆಮೇಲೆ ವರ್ಷಗಟ್ಟಲೆ ಏನೂ ಇಲ್ಲ, ಇದ್ದಿದ್ದನ್ನೇ ಮೆಲುಕು ಹಾಕ್ತಾ ಕೂರಬೇಕು.

ಎರಡನೇ ಸೀಸನ್‌ನ ಕೊನೇ ಎಪಿಸೋಡು 'ದಿ ರೈಕೆನ್‌ಬಾಕ್ ಫಾಲ್', 2012ರ ಜನವರಿ 15, ಭಾನುವಾರ ರಾತ್ರಿ ಪ್ರಸಾರ ಆಯ್ತು. ಬರೆದಿದ್ದು ಸ್ಟೀಫನ್ ಥಾಂಪ್ಸನ್, ನಿರ್ದೇಶನ ಟೋಬಿ ಹೇನ್ಸ್. ಈ ಎಪಿಸೋಡಿನಲ್ಲಿ ಮೊರಿಯಾರ್ಟಿ ಒಂದೇ ಹೊತ್ತಿಗೆ ಲಂಡನ್ ಟವರ್, ಬ್ಯಾಂಕ್ ಆಫ್ ಇಂಗ್ಲೆಂಡ್, ಪೆಂಟನ್‌ವಿಲ್ ಜೈಲು ಮೂರರ ಬಾಗಿಲನ್ನೂ ತೆಗೆದು ಬೇಕಂತಲೇ ಸಿಕ್ಕಿಬೀಳ್ತಾನೆ, ಕೋರ್ಟಲ್ಲಿ ತನ್ನ ಪರವಾಗಿ ಒಂದು ಮಾತೂ ಆಡಲ್ಲ, ಆದ್ರೂ ಬಿಡುಗಡೆ ಆಗ್ತಾನೆ ಯಾಕಂದ್ರೆ ಜ್ಯೂರಿಯವರನ್ನ ಮೊದಲೇ ಹೆದರಿಸಿಟ್ಟಿರ್ತಾನೆ. ಆಮೇಲೆ ಶುರುವಾಗುತ್ತೆ ನಿಜವಾದ ಆಟ. ಇಬ್ಬರು ಮಕ್ಕಳ ಅಪಹರಣ ಆಗುತ್ತೆ, ಷರ್ಲಾಕ್ ಅವರನ್ನ ಹುಡುಕಿ ಕೊಡ್ತಾನೆ, ಆದ್ರೆ ಆ ಹುಡುಗಿ ಅವನ ಮುಖ ನೋಡಿದ ತಕ್ಷಣ ಕಿರುಚ್ತಾಳೆ. ಅಷ್ಟೇ ಸಾಕಾಗುತ್ತೆ, ಪೊಲೀಸರಿಗೆ ಅನುಮಾನ ಹತ್ತಿಕೊಳ್ಳುತ್ತೆ, ಇವನೇ ಅಪರಾಧ ಮಾಡಿಸಿ ಇವನೇ ಕಂಡುಹಿಡಿಯೋ ನಾಟಕ ಆಡ್ತಿದಾನಾ ಅಂತ. ಅದರ ಮೇಲೆ ಮೊರಿಯಾರ್ಟಿ ತನ್ನ ಹೆಸರು ರಿಚರ್ಡ್ ಬ್ರೂಕ್, ನಾನೊಬ್ಬ ಬಡಪಾಯಿ ನಟ, ಷರ್ಲಾಕ್ ದುಡ್ಡು ಕೊಟ್ಟು ನನ್ನನ್ನ ವಿಲನ್ ಮಾಡಿದ ಅಂತ ಒಬ್ಬ ಪತ್ರಕರ್ತೆ ಮನೇಲಿ ನಿಂತು ಅಳ್ತಾನೆ. ಆ ಹೆಸರನ್ನ ಜರ್ಮನ್ ಮಾಡಿದ್ರೆ ಅದೇ ರೈಕೆನ್‌ಬಾಕ್.

ಕೊನೇಲಿ ಬಾರ್ಟ್ಸ್ ಚಾವಣಿ. ನೀನು ಹಾರದೇ ಇದ್ರೆ ಜಾನ್, ಮನೆ ಓನರ್ ಮಿಸೆಸ್ ಹಡ್ಸನ್, ಪೊಲೀಸ್ ಅಧಿಕಾರಿ ಲೆಸ್ಟ್ರೇಡ್ ಮೂವರ ಮೇಲೂ ಬಂದೂಕು ಇದೆ ಅಂತಾನೆ ಮೊರಿಯಾರ್ಟಿ. ನಿಲ್ಲಿಸೋ ಸಂಕೇತ ಇವನ ಹತ್ರ ಇದೆ, ಇವನು ಬದುಕಿರೋ ತನಕ ನನಗೆ ದಾರಿ ಇದೆ ಅಂತ ಷರ್ಲಾಕ್‌ಗೆ ಹೊಳೆದ ಕ್ಷಣಕ್ಕೇ ಮೊರಿಯಾರ್ಟಿ ಕೈ ಕುಲುಕಿ ತನಗೆ ತಾನೇ ಗುಂಡು ಹೊಡ್ಕೊಂಡು ಆ ದಾರಿಯನ್ನೂ ಮುಚ್ಚಿಬಿಡ್ತಾನೆ. ಷರ್ಲಾಕ್ ಕೆಳಗೆ ನಿಂತಿರೋ ಜಾನ್‌ಗೆ ಫೋನ್ ಮಾಡಿ, ನಾನು ಮೋಸಗಾರ, ಎಲ್ಲಾ ಬರೀ ಒಂದು ಜಾದೂ ಅಂತ ಹೇಳಿ ಹಾರ್ತಾನೆ. ಜಾನ್ ಓಡಿ ಬರ್ತಿರೋವಾಗ ಒಬ್ಬ ಸೈಕಲ್ ಸವಾರ ಗುದ್ದಿ ಬೀಳಿಸ್ತಾನೆ, ಎದ್ದು ಹೋಗಿ ಗುಂಪಿನ ಮಧ್ಯೆ ಕೈ ತೂರಿಸಿ ನಾಡಿ ಹಿಡೀತಾನೆ, ಇಲ್ಲ. ಸಮಾಧಿ ಮುಂದೆ ನಿಂತು, ನನಗೋಸ್ಕರ ಇನ್ನೊಂದೇ ಒಂದು ಪವಾಡ ಮಾಡು, ಸತ್ತಿರಬೇಡ ಅಂತ ಕೇಳ್ಕೋತಾನೆ. ಅವನು ತಿರುಗಿ ಹೋದ್ಮೇಲೆ ಕ್ಯಾಮೆರಾ ಪಕ್ಕಕ್ಕೆ ಸರಿಯುತ್ತೆ, ದೂರದಲ್ಲಿ ನಿಂತು ನೋಡ್ತಿರೋನು ಷರ್ಲಾಕ್. ಎಪಿಸೋಡು ಮುಗೀತು.

ನಾನೂ ನಮ್ಮಕ್ಕನೂ ಇದನ್ನ ನೋಡಿದ್ದು ಕೆಲವು ವಾರ ಆದ್ಮೇಲೆ, ಮನೇಲಿ ಅವಳ ಲ್ಯಾಪ್‌ಟಾಪಲ್ಲಿ, ಅಮ್ಮ ಮಲಗಿದ್ರು ಅಂತ ಒಂದೇ ಇಯರ್‌ಫೋನ್ ಇಬ್ಬರೂ ಹಂಚ್ಕೊಂಡು. ಅವಳಾಗ ಫಿಸಿಯೋಥೆರಪಿ ಓದ್ತಿದ್ಲು. ಮುಗಿದು ನಾನು ಕಣ್ಣೊರೆಸ್ಕೊಳ್ತಿದ್ರೆ ಅವಳು, "ಏಯ್ ಸುಮ್ನಿರೋ, ಹಿಂದಕ್ಕೆ ಹೋಗು, ಆ ಲ್ಯಾಬ್ ಸೀನಿಗೆ ಹೋಗು, ಆ ಚೆಂಡು ನೋಡು" ಅಂದ್ಲು. ಹಾರೋದಕ್ಕೆ ಮುಂಚೆ ಷರ್ಲಾಕ್ ಲ್ಯಾಬಲ್ಲಿ ಕೂತು ಒಂದು ಸಣ್ಣ ರಬ್ಬರ್ ಚೆಂಡನ್ನ ಪುಟಿಸ್ತಾ ಇರ್ತಾನೆ, ನಾನದನ್ನ ಗಮನಿಸೇ ಇರಲಿಲ್ಲ. "ಕಂಕುಳಲ್ಲಿ ಇಟ್ಕೊಂಡು ತೋಳು ಒತ್ತಿದ್ರೆ ಕೈಗೆ ಹೋಗೋ ರಕ್ತನಾಳ ಅದುಮುತ್ತೆ, ಮಣಿಕಟ್ಟಲ್ಲಿ ನಾಡಿ ಸಿಗಲ್ಲ ಕಣೋ" ಅಂತ ಹೇಳಿ ಅಟ್ಟದ ಮೇಲಿಂದ ನನ್ನ ಹಳೇ ಟೆನಿಸ್ ಬಾಲ್ ತೆಗೆಸಿದ್ಲು. ರಾತ್ರಿ ಒಂದು ಗಂಟೆ, ನಾನು ಕಂಕುಳಲ್ಲಿ ಬಾಲ್ ಅದುಮಿಕೊಂಡು ಕೂತಿದೀನಿ, ಅವಳು ಮಣಿಕಟ್ಟು ಹಿಡ್ಕೊಂಡು ಎಣಿಸ್ತಿದಾಳೆ, ನಾಡಿ ಸಣ್ಣಗಾಗಿ ಸಣ್ಣಗಾಗಿ ಒಂದು ಹಂತದಲ್ಲಿ ಅವಳ ಬೆರಳಿಗೆ ಸಿಗದೇ ಹೋಯ್ತು. "ನೋಡ್ದಾ, ಬದುಕಿದಾನೆ" ಅಂದ್ಲು. ಅವಳ ಮುಖದಲ್ಲಿ ಆಗ ಕಂಡ ಬೆಳಕು ನನಗೆ ಇವತ್ತಿಗೂ ನೆನಪಿದೆ.

ಹಾಗೆ ಕೂತು ಲೆಕ್ಕ ಹಾಕ್ತಿದ್ದೋರು ನಾವಿಬ್ಬರೇ ಅಲ್ಲ. ಜಗತ್ತಿನ ತುಂಬ ಜನ ಆ ಐದು ನಿಮಿಷದ ದೃಶ್ಯವನ್ನ ಒಂದೊಂದು ಫ್ರೇಮ್ ನಿಲ್ಲಿಸಿ ನೋಡ್ತಿದ್ರು. ಕೆಳಗೆ ಚೀಲ ತುಂಬಿದ ಒಂದು ಲಾರಿ ನಿಂತಿದೆ, ಬಿದ್ದ ಮೇಲೆ ಅದು ಹೊರಟುಹೋಗುತ್ತೆ ಯಾಕೆ? ಜಾನ್‌ಗೆ ಅಲ್ಲೇ ನಿಲ್ಲು, ಮುಂದೆ ಬರಬೇಡ ಅಂತ ಷರ್ಲಾಕ್ ಯಾಕೆ ಹೇಳಿದ, ಮಧ್ಯದಲ್ಲಿರೋ ಗಿಡ್ಡ ಕಟ್ಟಡದಿಂದ ನೆಲಕ್ಕೆ ಬೀಳೋ ಜಾಗ ಅವನಿಗೆ ಕಾಣಲ್ಲ ಅಂತಾನಾ? ಆ ಸೈಕಲ್ ಅಷ್ಟು ಸರಿಯಾದ ಹೊತ್ತಿಗೆ ಎಲ್ಲಿಂದ ಬಂತು? ಹಿಂದಿನ ರಾತ್ರಿ ಶವಾಗಾರದ ಮೋಲಿ ಹತ್ರ ಹೋಗಿ ನಿನ್ನ ಸಹಾಯ ಬೇಕು ಅಂದಿದ್ದನಲ್ಲ, ಹೆಣ ಅವಳು ಕೊಟ್ಟಳಾ? ಆ ಹುಡುಗಿ ಕಿರುಚಿದ್ದು ಷರ್ಲಾಕ್ ತರಾನೇ ಇರೋ ಇನ್ನೊಬ್ಬನನ್ನ ನೋಡಿದ್ದಕ್ಕಾ, ಹಾಗಾದ್ರೆ ಅವನೆಲ್ಲಿ ಈಗ? ಹಿಂದಿನ ಎಪಿಸೋಡಲ್ಲಿ ಭ್ರಮೆ ಹುಟ್ಟಿಸೋ ಮದ್ದು ಬಂದಿತ್ತು, ಅದನ್ನೇ ಜಾನ್‌ಗೆ ಕೊಟ್ಟಿರಬಹುದಾ ಅನ್ನೋವರೆಗೂ ಹೋದ್ರು. ಇದರಲ್ಲಿ ಕೆಲವು ಕಾಡು ಊಹೆ ನಿಜ, ಆದ್ರೆ ಬಹಳಷ್ಟು ಅಚ್ಚುಕಟ್ಟಾದ ಕೆಲಸ, ಪಾತ್ರ ಹೇಗೆ ಯೋಚಿಸುತ್ತೋ ಹಾಗೇ ಯೋಚಿಸಿ ಮಾಡಿದ್ದು.

ಇಲ್ಲಿ ಮೂಲ ಕಥೆ ಜೊತೆ ಹೋಲಿಸಿ ನೋಡಿದ್ರೆ ಒಂದು ವಿಷಯ ಸ್ಪಷ್ಟ ಆಗುತ್ತೆ. ಡಾಯ್ಲ್ 1893ರ ಡಿಸೆಂಬರ್‌ನಲ್ಲಿ ಸ್ಟ್ರಾಂಡ್ ಪತ್ರಿಕೇಲಿ ಹೋಮ್ಸ್‌ನ ಸ್ವಿಟ್ಜರ್ಲೆಂಡಿನ ರೈಕೆನ್‌ಬಾಕ್ ಜಲಪಾತಕ್ಕೆ ಬೀಳಿಸಿದಾಗ ಯಾರೂ ಹೆಣ ನೋಡಿಲ್ಲ. ಎರಡು ಜೊತೆ ಹೆಜ್ಜೆ ಗುರುತು ಅಂಚಿನವರೆಗೆ ಹೋಗಿದೆ, ವಾಪಸ್ ಬಂದಿಲ್ಲ, ಒಂದು ಚೀಟಿ ಇದೆ, ಅಷ್ಟೇ. ಓದುಗರು ಸಿಟ್ಟಾದ್ರು, ಎಷ್ಟೋ ಜನ ಚಂದಾ ನಿಲ್ಲಿಸಿದ್ರು. (ಲಂಡನ್ ಯುವಕರು ತೋಳಿಗೆ ಕಪ್ಪು ಪಟ್ಟಿ ಕಟ್ಕೊಂಡು ಓಡಾಡಿದ್ರು ಅಂತ ಒಂದು ಕಥೆ ಎಲ್ಲೆಡೆ ಓಡುತ್ತೆ, ಅದಕ್ಕೆ ಆ ಕಾಲದ ಗಟ್ಟಿ ಪುರಾವೆ ಇಲ್ಲ.) ಹತ್ತು ವರ್ಷ ಆದ್ಮೇಲೆ, 1903ರಲ್ಲಿ, ಅವನು ಬೀಳಲೇ ಇಲ್ಲ ಅಂತ ಬರೆದು ಡಾಯ್ಲ್ ವಾಪಸ್ ತಂದ್ರು, ಹೆಣ ತೋರಿಸದೇ ಇದ್ದಿದ್ದರಿಂದ ಸುಲಭವಾಗಿ ಆಯ್ತು. ಟೀವಿಯವರು ಬೇಕಂತಲೇ ಆ ಸಂದು ಮುಚ್ಚಿದ್ರು. ಹೆಣ ಇದೆ, ರಕ್ತ ಇದೆ, ಡಾಕ್ಟರೇ ನಾಡಿ ನೋಡಿದಾನೆ, ಆಮೇಲೆ ಅವನು ಬದುಕಿದಾನೆ ಅಂತಲೂ ತೋರಿಸಿದಾರೆ. ಬದುಕಿದಾನಾ ಅನ್ನೋ ಪ್ರಶ್ನೆಯನ್ನ ಕಿತ್ಕೊಂಡು ಹೇಗೆ ಬದುಕಿದ ಅನ್ನೋ ಲೆಕ್ಕ ಕೈಗಿಟ್ಟು ಕಳಿಸಿದ್ರು.

ಅದಕ್ಕೆ ಮೇಲೆ ತುಪ್ಪ ಸುರಿದಿದ್ದು ಮೋಫಟ್ ಆಡಿದ ಒಂದು ಮಾತು. ಎಪಿಸೋಡು ಬಂದ ಕೆಲವೇ ದಿನಕ್ಕೆ ಅವರು, ಎಲ್ಲರೂ ತಪ್ಪಿಸಿಕೊಂಡಿರೋ ಒಂದು ಸುಳಿವು ಇದೆ, ಷರ್ಲಾಕ್ ತನ್ನ ಸ್ವಭಾವಕ್ಕೇ ಒಪ್ಪದ ಏನೋ ಒಂದು ಮಾಡಿದಾನೆ, ಅದನ್ನ ಯಾರೂ ಹಿಡಿದಿಲ್ಲ ಅನ್ನೋ ಅರ್ಥದಲ್ಲಿ ಹೇಳಿದ್ರು. ನನ್ನ ಪ್ರಕಾರ ಈ ಇಡೀ ಪ್ರಕರಣದ ಬೇರು ಇಲ್ಲಿದೆ. ಒಬ್ಬ ಬರಹಗಾರ, ಇನ್ನೂ ಅಗೀರಿ, ಕೆಳಗೆ ಇದೆ ಅಂತ ಹೇಳಿದ್ರೆ ಜನ ಅಗೀತಾರೆ. ಅತ್ತಿದ್ದು ಸ್ವಭಾವಕ್ಕೆ ವಿರುದ್ಧನಾ, ಸಹಾಯ ಕೇಳಿದ್ದಾ, ಫೋನ್ ಮಾಡಿದ್ದಾ, ಜಾನ್ ಮೇಲೆ ರೇಗಿದ್ದಾ ಅಂತ ಎಪಿಸೋಡಿನ ಪ್ರತಿ ಕ್ಷಣವೂ ಅನುಮಾನಕ್ಕೆ ಒಳಗಾಯ್ತು. ನಮ್ಮಕ್ಕನಂಥ ಜನಕ್ಕೆ ಇದು ಪರೀಕ್ಷೆ ಪೇಪರ್ ಇದ್ದ ಹಾಗೆ, ಉತ್ತರ ಖಂಡಿತ ಇದೆ, ಮೇಷ್ಟ್ರ ಕೈಲಿ ಕೀ ಆನ್ಸರ್ ಇದೆ, ನಾವು ಕಂಡುಹಿಡೀಬೇಕು ಅಷ್ಟೇ.

ಮೊದಲು ಹೇಳಿದ ಚೀಟಿಗಳು ಇದರ ಇನ್ನೊಂದು ಮುಖ. ಟಂಬ್ಲರ್ ಅನ್ನೋ ಬ್ಲಾಗ್ ತಾಣದಲ್ಲಿ ಶುರುವಾಗಿದ್ದು, ಕಥೆ ಒಳಗಿನ ಪೇಪರ್‌ಗಳು ಷರ್ಲಾಕ್ ಮೋಸಗಾರ ಅಂತ ಬರೀತಿವೆಯಲ್ಲ, ಹಾಗಾದ್ರೆ ನಾವು ಕಥೆ ಒಳಗಿನ ಜನರ ಹಾಗೆ ಅವನ ಪರ ನಿಲ್ಲೋಣ ಅಂತ. ಪೋಸ್ಟರ್ ಮಾಡಿದ್ರು, ಗೋಡೆಗೆ, ಕಂಬಕ್ಕೆ ಅಂಟಿಸಿದ್ರು, ಬೇರೆ ಬೇರೆ ದೇಶದ ಊರುಗಳಲ್ಲಿ. ಇದನ್ನ ಹುಚ್ಚು ಅಂತ ನಕ್ಕೋರು ಇದ್ರು, ನಾನು ಒಪ್ಪಲ್ಲ. ಎಪಿಸೋಡೇ ನೋಡೋರನ್ನ ಸಾಕ್ಷಿ ಕಟಕಟೆಯಲ್ಲಿ ನಿಲ್ಲಿಸಿತ್ತು. ಮೊರಿಯಾರ್ಟಿ ನಟ ಅಲ್ಲ ಅಂತ ನಮಗೆ ಗೊತ್ತು, ನಾವು ಅವನನ್ನ ಕಣ್ಣಾರೆ ನೋಡಿದೀವಿ, ಲಂಡನ್ನಿನ ಜನಕ್ಕೆ ಗೊತ್ತಿಲ್ಲ. ಒಬ್ಬ ನಿರಪರಾಧಿ ಮೇಲೆ ಆರೋಪ ಬಂದಾಗ ಸತ್ಯ ಗೊತ್ತಿದ್ದೋನು ಸುಮ್ನೆ ಕೂರೋಕೆ ಆಗಲ್ಲ, ಆ ಒಂದು ನ್ಯಾಯದ ತುಡಿತ ಚೀಟಿ ರೂಪದಲ್ಲಿ ಹೊರಗೆ ಬಂತು. ಬಾರ್ಟ್ಸ್ ಅನ್ನೋ ಜಾಗಕ್ಕೂ ಒಂದು ಅರ್ಥ ಇದೆ, 1887ರ ಮೊದಲ ಕಾದಂಬರೀಲೇ ಹೋಮ್ಸ್ ಮತ್ತೆ ವ್ಯಾಟ್ಸನ್ ಮೊದಲು ಭೇಟಿ ಆಗಿದ್ದು ಅದೇ ಆಸ್ಪತ್ರೆ ಲ್ಯಾಬಲ್ಲಿ, ಸಿಕ್ಕಿದ ಜಾಗದಲ್ಲೇ ಕಳ್ಕೊಂಡ ಹಾಗಾಯ್ತು.

ಕಾದಿದ್ದು ಎಷ್ಟು ದಿನ ಅಂದ್ರೆ ಎರಡು ವರ್ಷಕ್ಕೆ ಹದಿನಾಲ್ಕು ದಿನ ಕಮ್ಮಿ. ಮಧ್ಯದಲ್ಲಿ 2012ರ ಆಗಸ್ಟ್‌ನಲ್ಲಿ ಮೂರನೇ ಸೀಸನ್‌ಗೆ ಸುಳಿವಾಗಿ ಇಲಿ, ಮದುವೆ, ಬಿಲ್ಲು ಅಂತ ಅರ್ಥ ಬರೋ ಮೂರು ಇಂಗ್ಲಿಷ್ ಪದ ಸಿಕ್ತು, ಅದರ ಮೇಲೆ ಪುಟಗಟ್ಟಲೆ ಚರ್ಚೆ. 2013ರಲ್ಲಿ ಬಾರ್ಟ್ಸ್ ಹತ್ರ ಮತ್ತೆ ಶೂಟಿಂಗ್ ನಡೆದಾಗ ರಸ್ತೆಯಲ್ಲಿ ಜನ ನೆರೆದು ಫೋಟೋ ಹಾಕಿದ್ರು. ಅದೇ ನವೆಂಬರ್ 29ಕ್ಕೆ ಬಿಬಿಸಿಯವರು ಲಂಡನ್ ಬೀದಿಗಳಲ್ಲಿ ಒಂದು ಖಾಲಿ ಶವದ ಗಾಡಿ ಓಡಿಸಿದ್ರು, ಹೂವಲ್ಲಿ ಷರ್ಲಾಕ್ ಅಂತ ಹೆಸರು, ಜೊತೆಗೆ 2014ರ ಜನವರಿ 1 ಅನ್ನೋ ತಾರೀಖು. ಪ್ರಚಾರವಾಗಿ ನೋಡಿದ್ರೆ ಅದ್ಭುತ.

ಆ ಬುಧವಾರ ರಾತ್ರಿ 'ದಿ ಎಂಪ್ಟಿ ಹರ್ಸ್', ಅಂದ್ರೆ ಖಾಲಿ ಶವದ ಗಾಡಿ, ಬಂತು, ಗೇಟಿಸ್ ಬರೆದಿದ್ದು. ಬ್ರಿಟನ್ನಿನಲ್ಲಿ ಆ ರಾತ್ರಿ ನೋಡಿದೋರೇ 92 ಲಕ್ಷ, ಆಮೇಲೆ ರೆಕಾರ್ಡ್ ಮಾಡಿ ನೋಡಿದವರನ್ನೂ ಸೇರಿಸಿದ್ರೆ 1.2 ಕೋಟಿ ದಾಟ್ತು. ಶುರುವಾಗೋದೇ ಉತ್ತರದಿಂದ. ಮೊರಿಯಾರ್ಟಿ ಹೆಣಕ್ಕೆ ಷರ್ಲಾಕ್ ಮುಖವಾಡ, ಸೊಂಟಕ್ಕೆ ಹಗ್ಗ ಕಟ್ಕೊಂಡು ಹಾರಿ ಕಿಟಕಿ ಒಡೆದು ಒಳಗೆ ಬಂದು ಮೋಲಿಗೆ ಮುತ್ತು ಕೊಡೋ ಷರ್ಲಾಕ್, ಜಾನ್‌ನ ಸಮ್ಮೋಹನ ಮಾಡೋಕೆ ನಿಜವಾದ ಜಾದೂಗಾರ ಡೆರನ್ ಬ್ರೌನ್. ಎರಡು ನಿಮಿಷ ಆದ್ಮೇಲೆ ಗೊತ್ತಾಗುತ್ತೆ ಇದು ಆಂಡರ್ಸನ್ ಅನ್ನೋ ಪಾತ್ರದ ಊಹೆ ಅಷ್ಟೇ ಅಂತ. ಹಿಂದೆ ಷರ್ಲಾಕ್‌ನ ಅನುಮಾನಿಸಿದ ಪೊಲೀಸ್ ಇಲಾಖೆಯ ಆಂಡರ್ಸನ್ ಈಗ ಪಶ್ಚಾತ್ತಾಪದಿಂದ ಗಡ್ಡ ಬಿಟ್ಕೊಂಡು, ಗೋಡೆ ತುಂಬ ಚೀಟಿ ಅಂಟಿಸ್ಕೊಂಡು, ಅವನು ಬದುಕಿದಾನೆ ಅಂತ ನಂಬೋ ಒಂದು ಗುಂಪು ಕಟ್ಟಿದಾನೆ, ಗುಂಪಿನ ಹೆಸರೇ ಎಪಿಸೋಡಿನ ಹೆಸರು. ಗುಂಪಿನ ಒಬ್ಬ ಹುಡುಗಿ ಹೇಳೋ ಎರಡನೇ ಊಹೇಲಿ ಷರ್ಲಾಕ್ ಮತ್ತೆ ಮೊರಿಯಾರ್ಟಿ ಚಾವಣಿ ಮೇಲೆ ಕೂತು ಗೊಂಬೆ ಕೆಳಗೆ ಬೀಳಿಸಿ ನಗ್ತಾರೆ, ಮುತ್ತಿನ ತನಕ ಹೋಗುತ್ತೆ.

ಮೂರನೇದು ಷರ್ಲಾಕ್ ಬಾಯಿಂದಲೇ ಬರುತ್ತೆ. ಕೆಳಗೆ ಗಾಳಿ ತುಂಬಿದ ದೊಡ್ಡ ಚೀಲ, ಜಾನ್‌ಗೆ ಕಾಣದ ಹಾಗೆ ಆ ಗಿಡ್ಡ ಕಟ್ಟಡದ ಮರೆ, ಆ ಹುಡುಗಿಯನ್ನ ಹೆದರಿಸಿದ ತದ್ರೂಪಿಯ ಹೆಣ, ಮೋಲಿ ಸಹಾಯ, ಬೀದೀಲಿ ಬದುಕೋ ಅವನ ಪರಿಚಯದ ಜನರೇ ಗುಂಪು, ಹೊತ್ತಿಗೆ ಸರಿಯಾಗಿ ಬಂದ ಸೈಕಲ್, ಕಂಕುಳಲ್ಲಿ ಚೆಂಡು. ಚೆಂಡು ಬಂದ ತಕ್ಷಣ ಅಕ್ಕ ನನ್ನ ತೊಡೆ ಮೇಲೆ ಜೋರಾಗಿ ಹೊಡೆದಿದ್ಲು. ಲೆಕ್ಕ ಹಾಕಿ ನೋಡಿ, ಜನ ಎರಡು ವರ್ಷದಲ್ಲಿ ಹೆಕ್ಕಿ ತೆಗೆದಿದ್ದ ಚೂರುಗಳು ಬಹುಪಾಲು ಇಲ್ಲಿವೆ, ಅಂದ್ರೆ ನೋಡಿದವರು ಪತ್ತೇದಾರಿಕೇಲಿ ಪಾಸ್ ಆಗಿದ್ರು. ಆದ್ರೆ ಆ ಖುಷಿ ಅವಳ ಮುಖದಲ್ಲಿ ನಿಲ್ಲೋಕೆ ಮುಂಚೆನೇ ಆಂಡರ್ಸನ್ ಅದರಲ್ಲೂ ತೂತು ಹುಡುಕ್ತಾನೆ, ನನಗೇ ಯಾಕೆ ಬಂದು ಹೇಳ್ತಾನೆ ಅಂತ ಅನುಮಾನ ಬಂದು ಹುಚ್ಚು ಹಿಡಿದವನ ಹಾಗೆ ನಗ್ತಾ ಗೋಡೆ ಮೇಲಿನ ಚೀಟಿಯೆಲ್ಲ ಕಿತ್ತು ಹಾಕ್ತಾನೆ. ಹಾಗಾಗಿ ಮೂರನೇದೂ ನಿಜಾನಾ ಅಂತ ಖಚಿತ ಇಲ್ಲ. ಎಲ್ಲರೂ ತಪ್ಪಿಸಿಕೊಂಡ ಸುಳಿವು ಯಾವುದು ಅಂತ ಎಪಿಸೋಡು ಬೆರಳಿಟ್ಟು ತೋರಿಸಲೂ ಇಲ್ಲ.

ಇಲ್ಲೇ ಅಭಿಮಾನಿಗಳು ಎರಡಾಗಿ ಒಡೆದಿದ್ದು. ಒಂದಷ್ಟು ಜನಕ್ಕೆ ಇದು ತಮಗೇ ಬರೆದ ಪ್ರೀತಿಯ ಪತ್ರ ಅನ್ನಿಸ್ತು, ನಮ್ಮ ಊಹೆಗಳನ್ನ ಓದಿದಾರೆ, ತೆರೆ ಮೇಲೆ ತಂದಿದಾರೆ ಅಂತ. ಇನ್ನೊಂದಷ್ಟು ಜನಕ್ಕೆ ಅವಮಾನ. ಗಡ್ಡ ಬಿಟ್ಟ, ತಲೆ ಕೆಟ್ಟ ಆಂಡರ್ಸನ್ ಅಂದ್ರೆ ನಾವಾ? ಮುತ್ತಿನ ಕಥೆ ಕಟ್ಟೋ ಆ ಹುಡುಗಿ ಅಂದ್ರೆ ಈ ಕಥೆಯನ್ನ ಪ್ರೀತಿಯಿಂದ ಮುಂದುವರಿಸಿ ಬರೀತಿದ್ದ ಅಷ್ಟೊಂದು ಹುಡುಗೀರಾ? ನಾನು ಈ ಎರಡನೇ ಗುಂಪಿನ ಜೊತೆ ನಿಲ್ತೀನಿ, ಆದ್ರೆ ಪೂರ್ತಿ ಅಲ್ಲ. ಎರಡು ವರ್ಷದ ನಿರೀಕ್ಷೆಗೆ ಸರಿಸಾಟಿಯಾದ ಉಪಾಯ ಯಾವ ಬರಹಗಾರನ ಕೈಲೂ ಇರಲ್ಲ, ಅದು ಅವರಿಗೆ ಗೊತ್ತಿತ್ತು, ಅದಕ್ಕೇ ಉತ್ತರವನ್ನ ಮೂರಾಗಿ ಹಂಚಿದ್ರು. ಅದು ಅರ್ಥ ಆಗುತ್ತೆ. ತಪ್ಪು ಅಂತ ನನಗನ್ನಿಸೋದು ಅಗೆಯೋಕೆ ಹೇಳಿದ್ದೂ ಅವರೇ, ಅಗೆದವರನ್ನ ತೋರಿಸಿ ನಗಿಸಿದ್ದೂ ಅವರೇ ಅನ್ನೋದು.

ಅದೇ ಎಪಿಸೋಡಲ್ಲಿ ಬಹಳ ದೊಡ್ಡ ಮಾತು ಒಂದಿದೆ, ಗದ್ದಲದಲ್ಲಿ ಎಷ್ಟೋ ಜನರ ಗಮನಕ್ಕೆ ಬರಲಿಲ್ಲ. ಷರ್ಲಾಕ್ ವಾಪಸ್ ಬಂದು ತಾನು ಹೇಗೆ ಮಾಡ್ದೆ ಅಂತ ಹೆಮ್ಮೆಯಿಂದ ವಿವರಿಸೋಕೆ ಹೊರಟಾಗ ಜಾನ್, ಹೇಗೆ ಅನ್ನೋದು ನನಗೆ ಬೇಡ, ಯಾಕೆ ಅಂತ ಹೇಳು ಅಂತಾನೆ. ಅದನ್ನ ಕೇಳಿದಾಗ ನನಗೆ ಟೆನಿಸ್ ಬಾಲಿನ ರಾತ್ರಿ ನೆನಪಾಯ್ತು. ನಾವೂ ಹೇಗೆ ಹೇಗೆ ಅಂತ ಬಡ್ಕೊಂಡಿದ್ದು ಆ ಸಮಾಧಿ ಮುಂದಿನ ಜಾನ್‌ನ ನೋಡೋಕೆ ಆಗದೇ ಇದ್ದಿದ್ದಕ್ಕೆ, ಒಂದು ಉಪಾಯ ಸಿಕ್ಕಿಬಿಟ್ರೆ ಆ ಅಳುವಿಗೆ ಕೊನೆ ಇದೆ ಅಂತ ಆಗುತ್ತೆ. ಜಾನ್‌ಗೆ ಸಿಗಬೇಕಾಗಿದ್ದು, ನಮಗೂ ಸಿಗಬೇಕಾಗಿದ್ದು, ಎರಡು ವರ್ಷ ನಿನ್ನನ್ನ ಯಾಕೆ ಅಳೋಕೆ ಬಿಟ್ಟೆ ಅನ್ನೋದಕ್ಕೆ ಒಂದು ಮನುಷ್ಯರ ಉತ್ತರ. ಸಿಗೋ ಹಾಗೆ ಆಗುತ್ತೆ ಕೂಡ, ಕೊನೇಲಿ ನೆಲದಡಿಯ ರೈಲು ಬೋಗೀಲಿ, ಬಾಂಬಿನ ಗಡಿಯಾರ ಓಡ್ತಿರೋವಾಗ ಷರ್ಲಾಕ್ ಮಂಡಿಯೂರಿ ಕ್ಷಮಿಸು ಅಂತಾನೆ, ಸಾವು ಎದುರಿಗಿದೆ ಅಂತ ನಂಬಿ ಜಾನ್ ಕಷ್ಟಪಟ್ಟು ಕ್ಷಮಿಸ್ತಾನೆ. ಆಮೇಲೆ ಷರ್ಲಾಕ್ ನಗೋಕೆ ಶುರು ಮಾಡ್ತಾನೆ, ಬಾಂಬಿಗೆ ಆಫ್ ಸ್ವಿಚ್ ಇತ್ತು, ಮೊದಲೇ ಆರಿಸಿಯಾಗಿತ್ತು. ಅಕ್ಕ ಆ ದೃಶ್ಯಕ್ಕೆ ಲ್ಯಾಪ್‌ಟಾಪ್ ಅರ್ಧ ಮುಚ್ಚಿ, "ಇದು ಮಾತ್ರ ಮಾಡಬಾರದಿತ್ತು ಕಣೋ" ಅಂದ್ಲು. ಜಾನ್‌ಗೆ ಮಾಡಿದ್ದನ್ನೇ ನೋಡೋರಿಗೂ ಮಾಡಿದ ಹಾಗಿತ್ತು, ನಿಜವಾದ ಕಣ್ಣೀರು ತೆಗೆಸಿ ಆಮೇಲೆ ಅದೂ ಒಂದು ಆಟ ಅಂದ ಹಾಗೆ.

ಇದರ ಪರಿಣಾಮ ತಕ್ಷಣ ಕಾಣಲಿಲ್ಲ. ಮೂರನೇ ಸೀಸನ್ ಮುಗಿದಿದ್ದು ಸತ್ತ ಮೊರಿಯಾರ್ಟಿ ಊರಿನ ಎಲ್ಲಾ ಪರದೆ ಮೇಲೂ ಕಾಣಿಸ್ಕೊಂಡು ನನ್ನ ನೆನಪಾಯ್ತಾ ಅಂತ ಕೇಳೋದ್ರಿಂದ, ಅಂದ್ರೆ ಸಾವು ಅನ್ನೋದನ್ನೂ ನಂಬೋ ಹಾಗಿಲ್ಲ ಅಂತ ಇನ್ನೊಂದು ಪಾಠ. ನಾಲ್ಕನೇ ಸೀಸನ್ 2017ರ ಜನವರಿ 1, 8, 15ಕ್ಕೆ ಬಂತು. ಕೊನೇ ಎಪಿಸೋಡಿನ ರಷ್ಯನ್ ಡಬ್ಬಿಂಗ್ ಒಂದು ದಿನ ಮುಂಚೆನೇ ಸೋರಿಹೋಯ್ತು, ಹಂಚಬೇಡಿ ಅಂತ ಕೇಳ್ಕೋಬೇಕಾಯ್ತು. ಆ ಎಪಿಸೋಡಲ್ಲಿ ಆ ಸೀಸನ್‌ವರೆಗೆ ಗೊತ್ತೇ ಇರದ ತಂಗಿ, ದ್ವೀಪದ ಮೇಲಿನ ಜೈಲು, ಒಂದರ ಮೇಲೊಂದು ತಿರುವು. ಬಹಳ ಜನಕ್ಕೆ ಹಿಡಿಸಲಿಲ್ಲ. ಹಿಡಿಸದೇ ಇದ್ರೆ ಸಾಮಾನ್ಯವಾಗಿ ಏನ್ಮಾಡ್ತಾರೆ, ಬೈದು ಸುಮ್ಮನಾಗ್ತಾರೆ. ಇಲ್ಲಿ ಒಂದು ಗುಂಪು ಹಾಗೆ ಮಾಡಲಿಲ್ಲ, ಇದು ನಿಜವಾದ ಕೊನೆ ಅಲ್ಲ, ಇಷ್ಟು ಕೆಟ್ಟದಾಗಿ ಬೇಕಂತಲೇ ಮಾಡಿದಾರೆ, ಎಲ್ಲೋ ಗುಟ್ಟಾಗಿ ನಾಲ್ಕನೇ ಎಪಿಸೋಡು ಇದೆ ಅಂತ ನಂಬಿದ್ರು. ಜಾನ್ ಮತ್ತೆ ಷರ್ಲಾಕ್ ಒಂದಾಗೋ ಕಥೆ ಅದರಲ್ಲಿದೆ ಅಂತ ಅವರಲ್ಲಿ ಎಷ್ಟೋ ಜನ ಕಾಯ್ತಿದ್ರು. ಅವರನ್ನ ನೋಡಿ ನಗೋಕೆ ನನಗೆ ಮನಸ್ಸು ಬರಲ್ಲ. ಐದು ವರ್ಷ ಮುಂಚೆ ಕಣ್ಣಿಗೆ ಕಂಡಿದ್ದು ಸುಳ್ಳು, ಕೆಳಗೆ ಇನ್ನೊಂದಿದೆ, ನೀವಿನ್ನೂ ಹಿಡಿದಿಲ್ಲ ಅಂತ ಹೇಳಿಕೊಟ್ಟಿದ್ರು, ಅವರು ಕಲಿತದ್ದನ್ನ ಚಾಚೂ ತಪ್ಪದೆ ಮಾಡ್ತಿದ್ರು.

ಮುಂದಿನ ಭಾನುವಾರ, ಜನವರಿ 22ಕ್ಕೆ, ಬಿಬಿಸಿಯಲ್ಲಿ 'ಆ್ಯಪಲ್ ಟ್ರೀ ಯಾರ್ಡ್' ಅನ್ನೋ ಹೊಸ ಧಾರಾವಾಹಿ ಶುರುವಾಗೋದಿತ್ತು. ಇದು ಬರೀ ಹೊದಿಕೆ, ಅಂಥ ಧಾರಾವಾಹಿನೇ ಇಲ್ಲ, ಶುರುವಾದ ಸ್ವಲ್ಪ ಹೊತ್ತಿಗೆ ಪರದೆ ಕಡಿದು ಷರ್ಲಾಕ್ ಬರ್ತಾನೆ ಅಂತ ಆ ಗುಂಪಿನವರು ಕಾಯ್ತಾ ಕೂತಿದ್ರು. ಎಮಿಲಿ ವ್ಯಾಟ್ಸನ್ ತೆರೆ ಮೇಲೆ ಬಂದ್ರು. ಅವರ ಹೆಸರಲ್ಲೂ ವ್ಯಾಟ್ಸನ್ ಇದೆಯಲ್ಲ ಅನ್ನೋದೂ ಒಂದು ಸುಳಿವಾಗಿ ಕಾಣೋಷ್ಟು ದೂರ ಬಂದಾಗಿತ್ತು. ಧಾರಾವಾಹಿ ತನ್ನ ಪಾಡಿಗೆ ತಾನು ಪೂರ್ತಿ ಓಡ್ತು, ಹೆಸರುಗಳು ಮೇಲಕ್ಕೆ ಹೋದವು, ಆಮೇಲೆ ಎಂದಿನ ಹಾಗೆ ವಾರ್ತೆ ಬಂತು.